ಅದು ಪೆಂಡಾಲ್ ಅಲ್ಲ ಸ್ವಾಮಿ

ಕ್ಯೋಟೊದ ಶಿಜೋ ಬೀದಿಯಲ್ಲಿ ನಿಂತಿದ್ದೇನೆ, ತಲೆ ಕಾದುಹೋಗಿದೆ. ಅರ್ಧ ಜುಲೈ ಸೆಕೆಗೆ. ಮೂರು ಕಡೆ ಬೆಟ್ಟ, ಗಾಳಿ ಅಲ್ಲಾಡಲ್ಲ, ಬೆವರು ಆರಲ್ಲ. ಇನ್ನರ್ಧ ನಮ್ಮೋರಿಗೆ.

ಒಂದು ಟೂರ್ ಗುಂಪು ಬಂತು. ಎಲ್ಲರಿಗೂ ಒಂದೇ ಬಣ್ಣದ ಟೋಪಿ, ಬಾಯಲ್ಲಿ ಅಪ್ಪಟ ಕನ್ನಡ. ಒಸಾಕಾದಲ್ಲಿ ಕೂತು ಕನ್ನಡಕ್ಕೆ ಹಸಿದಿರೋ ನಾನು ಖುಷಿಯಾಗಿ ಹತ್ತಿರ ಹೋದೆ. ಒಬ್ಬರು ಆಂಟಿ ಕೇಳಿದರು, "ಏನ್ರೀ ಇದು, ರಸ್ತೆ ಮಧ್ಯೆ ಪೆಂಡಾಲ್ ಹಾಕ್ತಾ ಇದಾರೆ?" ಯಜಮಾನರು ಅಂದರು, "ಯಾರದೋ ಮದುವೆ ಇರ್ಬೇಕು, ನಡಿಯೇ." ಅಷ್ಟರಲ್ಲಿ ಗೈಡ್ ಬಾವುಟ ಅಲ್ಲಾಡಿಸಿದ. "ಬೇಗ ಬನ್ನಿ, ಗೋಲ್ಡನ್ ಟೆಂಪಲ್ ಐದಕ್ಕೆ ಮುಚ್ಚುತ್ತೆ!" ಹೋದರು. ನಾನು ಬಾಯಿ ತೆರೆಯೋಕೂ ಟೈಮ್ ಕೊಡಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೇನೆ, ಅನುಭವಿಸಿ.

ಅದು ತೇರು. ಗಿಯೋನ್ ಹಬ್ಬದ ತೇರು. 869ರಲ್ಲಿ ಊರಿಗೆ ಸಾಂಕ್ರಾಮಿಕ ಬಂದಾಗ ನಾಡಿನ ಪ್ರಾಂತಗಳ ಲೆಕ್ಕಕ್ಕೆ 66 ಭರ್ಜಿ ನಿಲ್ಲಿಸಿ ದೇವರನ್ನು ಬೇಡಿಕೊಂಡರಂತೆ. ಅಲ್ಲಿಂದ ಬೆಳೆದ ಹಬ್ಬ. ಈಗ 34 ತೇರು. ಜುಲೈ 17ಕ್ಕೆ 23 ತೇರು ಹೊರಡುತ್ತವೆ, 24ಕ್ಕೆ ಉಳಿದ 11. ದೊಡ್ಡವು ಒಂದೊಂದೂ ಹತ್ತು ಟನ್‌ಗಿಂತ ಜಾಸ್ತಿ ತೂಗುತ್ತವೆ, ಮೇಲಿನ ಕಂಬದ ತುದಿವರೆಗೆ ಅಳೆದರೆ ಸುಮಾರು 25 ಮೀಟರ್.

ಇದನ್ನೆಲ್ಲ ಕಟ್ಟೋದು ಹೇಗೆ ಗೊತ್ತಾ? ಹಗ್ಗದಲ್ಲಿ. ಮರದ ಚೌಕಟ್ಟಿನ ಮೂಲೆಗಳಿಗೆ ಮೊಳೆ ಹೊಡೆಯಲ್ಲ, ಹುಲ್ಲಿನ ಹಗ್ಗ ಸುತ್ತುತ್ತಾರೆ. ನಾನು ನೋಡ್ತಿದ್ದ ಮೂಲೆಯಲ್ಲಿ ಒಬ್ಬ ಹಿರಿಯರು ಮತ್ತೊಬ್ಬ ಹುಡುಗ. ಹುಡುಗ ಹಗ್ಗ ಎಳೆದು ಹಿಡಿದ. ಹಿರಿಯರು ಮರದ ಸುತ್ತಿಗೆಯಿಂದ ಸುತ್ತುಗಳನ್ನ ಕುಟ್ಟಿ ಒಂದಕ್ಕೊಂದು ಒತ್ತಿ ಕೂರಿಸಿದರು. ಒಂದು ಸುತ್ತು ಪಕ್ಕದ ಸುತ್ತಿನ ಮೇಲೆ ಹತ್ತಿತು ಅಷ್ಟೇ, ಇಡೀ ಸಾಲು ಬಿಚ್ಚಿಸಿದರು. ಬೈಗುಳ ಇಲ್ಲ, ಒಂದು ಮಾತೂ ಇಲ್ಲ. ಹುಡುಗನ ಕಿವಿ ಮಾತ್ರ ಕೆಂಪಾಯಿತು. ಕೊನೆಗೆ ಮೂಡಿದ ಹೆಣಿಗೆ ನೋಡಬೇಕಿತ್ತು! ಆಮೇಲೆ ಚೌಕಟ್ಟನ್ನು ಪಕ್ಕಕ್ಕೆ ಮಲಗಿಸಿ, ನಡುವೆ ಆ ಉದ್ದದ ಕಂಬ ತೂರಿಸಿ, ಇಡೀ ತೇರನ್ನು ಹಗ್ಗ ಎಳೆದು ಎದ್ದು ನಿಲ್ಲಿಸುತ್ತಾರೆ. ಟ್ರಾಫಿಕ್ ಸಿಗ್ನಲ್ ಇರೋ, ಬ್ಯಾಂಕುಗಳಿರೋ ಪೇಟೆ ಬೀದಿಯಲ್ಲಿ!

ಮದುವೆಯಂತೆ.

"ಕಷ್ಟಪಟ್ಟು ದುಡ್ಡು ಕೂಡಿಸಿ ಒಂದು ವಾರಕ್ಕೆ ಬಂದಿರ್ತಾರೆ, ಹೆಸರಾದ ಜಾಗ ನೋಡದೆ ಹಗ್ಗ ನೋಡ್ತಾ ನಿಲ್ಲಬೇಕಾ?" ಅಂತ ಯಾರೋ ಕಾಮೆಂಟ್ ಹಾಕೇ ಹಾಕ್ತೀರಿ. ಒಪ್ಪಿದೆ, ರಜೆ ಕಮ್ಮಿ. ಆದರೆ ಓಡಿಹೋಗಿ ನೋಡೋ ಆ ಚಿನ್ನದ ಮಂಟಪ ಇದೆಯಲ್ಲ, ಅದಕ್ಕೆ 1950ರಲ್ಲಿ ಒಬ್ಬ ಎಳೆ ಸನ್ಯಾಸಿ ಬೆಂಕಿ ಇಟ್ಟಿದ್ದ. ಈಗ ಕಾಣೋದು 1955ರಲ್ಲಿ ಮತ್ತೆ ಕಟ್ಟಿದ್ದು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಕೊಳದ ಈಚೆ ದಡದಲ್ಲಿ ನಿಂತು ಫೋಟೊ ತೆಗೆಯಬಹುದು, ಒಳಗೆ ಬಿಡಲ್ಲ. ಇಲ್ಲಿ ನಾಲ್ಕು ಹೆಜ್ಜೆ ದೂರದಲ್ಲಿ ಊರಿನ ಜನ ಕೈಯಾರೆ ಹಬ್ಬ ಕಟ್ಟುತ್ತಿದ್ದಾರೆ, ಟಿಕೆಟ್ ಇಲ್ಲ, ಕ್ಯೂ ಇಲ್ಲ. ಇದನ್ನು ದಾಟಿ "ಹಳೇ ಜಪಾನ್" ನೋಡೋಕೆ ಓಡ್ತಾರೆ ಅಂದರೆ ಏನು ಹೇಳೋದು.

ನಾನು ನಂಜನಗೂಡಿನವನು ಅಂತ ನಿಮಗೆ ಗೊತ್ತೇ ಇದೆ. ತೇರು ಅಂದರೆ ಮೈಮೇಲೆ ಬರುತ್ತೆ. ನಮ್ಮ ದೊಡ್ಡ ತೇರು ತಿರುವಿನಲ್ಲಿ ನಿಂತಾಗ ಇಡೀ ಊರು ಉಸಿರು ಬಿಗಿ ಹಿಡಿಯೋ ಹಾಗೇ ಇಲ್ಲೂ. ಇವರ ತೇರಿನ ಚಕ್ರ ತಿರುಗೋದು ನೇರಕ್ಕೆ ಮಾತ್ರ. ಕವರಮಾಚಿ ಮೂಲೆಗೆ ಬಂದಾಗ ಸೀಳಿದ ಬಿದಿರು ಹಾಸಿ, ನೀರು ಸುರಿದು, ಇಡೀ ತೇರನ್ನು ಪಕ್ಕಕ್ಕೆ ಎಳೆದು ಜಾರಿಸುತ್ತಾರೆ. ಒಂದೇ ಸಲಕ್ಕೆ ತಿರುಗಲ್ಲ, ಮತ್ತೆ ಬಿದಿರು, ಮತ್ತೆ ನೀರು. ಹೋದ ಸಲ ನೋಡ್ತಾ ನೋಡ್ತಾ ನಾನು ಅತ್ತುಬಿಟ್ಟಿದ್ದೆ. ಪಕ್ಕದ ಜಪಾನಿ ಅಜ್ಜಿ ಟಿಶ್ಯೂ ಕೊಟ್ಟರು. ಇದನ್ನು ಮನೆಯಲ್ಲಿ ಹೇಳಿಲ್ಲ.

ಇನ್ನೊಂದು ಹೊಟ್ಟೆ ಉರಿ. ಈ ತೇರುಗಳಿಗೆ ಹೊದಿಸೋ ಹಳೇ ಬಟ್ಟೆಗಳಲ್ಲಿ ಬೈಬಲ್ ಕಥೆ ನೇಯ್ದ ಯುರೋಪಿನ ಪರದೆ ಇದೆ, ಪರ್ಷಿಯಾ ಕಡೆಯ ಜಮಖಾನೆ ಇದೆ. ಕೆಲವು ಜಮಖಾನೆಗಳು ನಮ್ಮ ದಖನ್ ಸೀಮೆಯವು ಅಂತ ಪರಿಣತರೇ ಗುರುತಿಸಿದ್ದಾರೆ. ಹಡಗು ಹತ್ತಿ ಬಂದ ನಮ್ಮ ಕಡೆಯ ನೇಯ್ಗೆಯನ್ನು ಇವರು ನೂರಾರು ವರ್ಷ ಜೋಪಾನ ಮಾಡಿ ಬೀದಿಯಲ್ಲಿ ಮೆರೆಸ್ತಾರೆ. ನಮ್ಮೋರು ಅದರ ಪಕ್ಕದಲ್ಲೇ ಹೋಗಿ ಬಾಡಿಗೆ ಕಿಮೋನೊದಲ್ಲಿ ರೀಲ್ಸ್ ಮಾಡ್ತಾರೆ. ಮಾಡಲಿ ಬಿಡಿ. ಕಿಮೋನೊ ಎಡ ಬಲ ತಿರುವುಮುರುವು ಸುತ್ತಿಕೊಳ್ಳದಿದ್ದರೆ ಸಾಕು. ಬಲಗಡೆ ಸೆರಗು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸೋ ರೀತಿ.

ಒಂದು ತೇರು 1864ರ ಬೆಂಕಿಯಲ್ಲಿ ಸುಟ್ಟುಹೋಗಿತ್ತು. ಹಡಗಿನ ಆಕಾರದ್ದು. ಅದನ್ನು 2014ರಲ್ಲಿ ಮತ್ತೆ ಬೀದಿಗೆ ತಂದರು. ನೂರೈವತ್ತು ವರ್ಷ ಬೀದಿಯವರು ಮರೆಯಲಿಲ್ಲ. ನಮ್ಮ ಗುಂಪಿಗೆ ಐದು ನಿಮಿಷ ನಿಲ್ಲೋಕಾಗಲಿಲ್ಲ.

ಹೋಗಲಿ. ಮೆರವಣಿಗೆ ಮುಗಿದ ಅದೇ ದಿನ ತೇರು ಬಿಚ್ಚಿಬಿಡ್ತಾರೆ. ಬೀದಿಯ ರೋಗ ರುಜಿನ ಎಲ್ಲ ತೇರಿಗೆ ಅಂಟಿಕೊಂಡಿರುತ್ತೆ, ಇಟ್ಟುಕೊಳ್ಳಬಾರದು ಅಂತ ನಂಬಿಕೆ. ಹಾಗಾಗಿ ಆಮೇಲೆ ಬಂದು "ಎಲ್ಲಿ, ಏನೂ ಇಲ್ವಲ್ಲ" ಅನ್ನಬೇಡಿ.

ಮತ್ತೆ, ಇನ್‌ಬಾಕ್ಸಿಗೆ ಬಂದು "ಕ್ಯೋಟೊಗೆ ಒಂದು ದಿನ ಸಾಕಾ?" ಅಂತ ಕೇಳೋರಿಗೆ: ಸಾಕು, ಧಾರಾಳ ಸಾಕು, ನನ್ನನ್ನು ಮಾತ್ರ ಜೊತೆಗೆ ಕರೀಬೇಡಿ. 17ರ ತನಕ ನಾನು ಇಲ್ಲೇ ಬೀದಿಯಲ್ಲಿ ಇರ್ತೀನಿ. ಆಫೀಸಿಗೆ ಜ್ವರ ಅಂತ ಹೇಳಿದ್ದೇನೆ. ನಮ್ಮ ಟೀಮಿನ ಕನ್ನಡಿಗ ಮಿತ್ರರು ದಯವಿಟ್ಟು ಈ ಪೋಸ್ಟಿಗೆ ಲೈಕ್ ಒತ್ತಬೇಡಿ.