ದೀಪಕ್ಕೆ ಪ್ರದಕ್ಷಿಣೆ

ಸೋಮವಾರ ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ಮೊದಲ ದಿನ, ಕನ್ನಡ ಪತ್ರಿಕೆ. ಎಂಬತ್ತು ಮಕ್ಕಳು ಉತ್ತರಪತ್ರಿಕೆಯ ಮೇಲೆ ಬಗ್ಗಿ ಐದು ನಿಮಿಷವಾಗಿತ್ತೋ ಇಲ್ಲವೋ, ನಮ್ಮ ಹೊಸ ಸಭಾಂಗಣದ ದೀಪಗಳೆಲ್ಲ ಒಟ್ಟಿಗೆ ಆರಿಹೋದವು. ಕರೆಂಟು ಹೋಗಿರಲಿಲ್ಲ, ಫ್ಯಾನುಗಳು ಆರಾಮವಾಗಿ ತಿರುಗುತ್ತಿದ್ದವು. ಕರೆಂಟು ಹೋಗಿದ್ದರೆ ನನಗೆ ಚಿಂತೆಯೇ ಇರಲಿಲ್ಲ. ಜನರೇಟರ್ ಇದೆ, ಡೀಸೆಲ್ ಇದೆ, ಅದೂ ಕೈಕೊಟ್ಟರೆ ಮೇಣದಬತ್ತಿಯ ಪೊಟ್ಟಣವಿದೆ. ದೀಪ ಆರಿದ್ದು ಮಕ್ಕಳು ಶಿಸ್ತಿನಿಂದ ಕುಳಿತಿದ್ದ ತಪ್ಪಿಗೆ.

ನಾನು ಮೈಸೂರಿನ ಒಂದು ಖಾಸಗಿ ಶಾಲೆಯ ಆಡಳಿತಾಧಿಕಾರಿ. ನನ್ನ ಕೋಣೆಯ ಬಾಗಿಲಿನ ಮೇಲೆ ಹಾಗೆಂದು ಫಲಕವಿದೆ. ಮಕ್ಕಳ ಬಾಯಲ್ಲಿ ಮಾತ್ರ ನಾನು ‘ನಲ್ಲಿ ಸರ್’. ಒಂದು ದಿನ ಮೂರನೆಯ ತರಗತಿಯ ಪೋರನೊಬ್ಬ ಬಂದು, “ನಲ್ಲಿ ಸರ್, ನಲ್ಲಿ ಸೋರುತ್ತಿದೆ” ಎಂದು ಹೇಳಿ ಓಡಿಹೋದ. ಅಂದಿನಿಂದ ಆ ಬಿರುದು ಅಂಟಿಕೊಂಡಿದೆ. ದೂರುವಂತಿಲ್ಲ, ಕೆಲಸವೂ ಅದೇ. ಸರ್ಕಾರಕ್ಕೆ ಶಾಲೆಯ ಮಾಹಿತಿ ಕೊಡುವ ಯು-ಡೈಸ್ ನಮೂನೆಯಲ್ಲಿ ಶೌಚಾಲಯ ಎಷ್ಟು, ಎಷ್ಟರಲ್ಲಿ ನೀರು ಬರುತ್ತದೆ, ಗಾಲಿಕುರ್ಚಿಗೆ ಇಳಿಜಾರು ಇದೆಯೇ ಎಂದು ತುಂಬುವವನು ನಾನು. ಮಾನ್ಯತೆ ನವೀಕರಣದ ಕಾಲದಲ್ಲಿ ಅಗ್ನಿಸುರಕ್ಷತೆಯ ಪತ್ರ, ಕಟ್ಟಡ ಸುರಕ್ಷತೆಯ ಪತ್ರ ಎಂದು ಕಡತ ಕಂಕುಳಲ್ಲಿ ಇಟ್ಟುಕೊಂಡು ಅಲೆಯುವವನು ನಾನು. ಗ್ರಂಥಾಲಯದ ಬೀರುವಿನಲ್ಲಿ ಬೆಕ್ಕು ಮರಿ ಹಾಕಿದರೂ ಫೋನು ಬರುವುದು ನನಗೇ.

ಇವನ್ನೆಲ್ಲ ನಿಭಾಯಿಸಬಹುದು. ನಿಭಾಯಿಸಲಾಗದ್ದು ನಮ್ಮ ಕಾರ್ಯದರ್ಶಿಗಳ ಬಂಧುಬಳಗ. ಅವರು ಯಾವ ಊರಿಗೆ ಮದುವೆಗೆ ಹೋದರೂ ಅಲ್ಲಿಯ ಶಾಲೆಯೊಂದನ್ನು ಇಣುಕದೆ ಬರುವುದಿಲ್ಲ. ಊಟ ಹೇಗಿತ್ತು ಎಂದು ಕೇಳಿದರೆ ನೆನಪಿರುವುದಿಲ್ಲ, ಶಾಲೆಯಲ್ಲಿ ಏನೇನಿತ್ತು ಎಂಬುದು ಬಾಯಿಪಾಠ. “ಅಲ್ಲಿ ಇದೆ ರಾಯರೇ, ನಮ್ಮಲ್ಲಿ ಏಕಿಲ್ಲ?” ಕೊಯಮತ್ತೂರಿನ ಮದುವೆಯಿಂದ ಸ್ಮಾರ್ಟ್ ಬೋರ್ಡ್ ಬಂದವು. ಮಂಗಳೂರಿನ ಗೃಹಪ್ರವೇಶದಿಂದ ಕೈಯೊಡ್ಡಿದರೆ ನೀರು ಸುರಿಸುವ ನಲ್ಲಿಗಳು ಬಂದವು. ಒಂದನೆಯ ತರಗತಿಯ ಪುಟ್ಟ ಕೈಗಳು ಅವಕ್ಕೆ ಕಾಣುವುದಿಲ್ಲ, ಪಕ್ಕದಲ್ಲಿ ಹಾದುಹೋಗುವ ನನ್ನ ಹೊಟ್ಟೆ ಮಾತ್ರ ಚೆನ್ನಾಗಿ ಕಾಣುತ್ತದೆ. ಹುಬ್ಬಳ್ಳಿಯ ಉಪನಯನದಿಂದ ಬಂದದ್ದು ಈ ದೀಪ. ಲಗ್ನಪತ್ರಿಕೆ ಕಂಡರೆ ನನಗೆ ಎದೆ ನಡುಗುತ್ತದೆ.

ದೀಪದ ತತ್ವವೇನೋ ಸರಳ. ಸೂರಿನಲ್ಲಿ ಅಂಟಿಕೊಂಡ ಬಿಳಿಯ ಗುಂಡಿಯೊಂದು ಕೆಳಗೆ ಓಡಾಡುವವರ ಮೈಶಾಖ ಅತ್ತಿತ್ತ ಸರಿಯುವುದನ್ನು ಗಮನಿಸುತ್ತಿರುತ್ತದೆ. ಐದು ನಿಮಿಷ ಏನೂ ಸರಿಯದಿದ್ದರೆ ಕೋಣೆ ಖಾಲಿ ಎಂದು ತೀರ್ಮಾನಿಸಿ ದೀಪ ಆರಿಸುತ್ತದೆ. ಶೌಚಾಲಯಕ್ಕೆ, ಮೆಟ್ಟಿಲಿಗೆ ಒಳ್ಳೆಯದೇ. ವಿದ್ಯುತ್ ಬಿಲ್ಲು ಇಳಿದಿದೆ, ಸುಳ್ಳು ಹೇಳಬಾರದು. ಆದರೆ ಪರೀಕ್ಷೆ ಬರೆಯುವ ಮಕ್ಕಳಲ್ಲಿ ಅಲ್ಲಾಡುವುದು ಪೆನ್ನಿನ ಹಿಂತುದಿ ಮಾತ್ರ. 18 ಅಡಿ ಎತ್ತರದ ಗುಂಡಿಗೆ ಅದು ಕಾಣುವುದೆಲ್ಲಿ? ಶಿಕ್ಷಕರು ಆರಿಸಲು ಮರೆಯುತ್ತಾರೆಂದು ಗೋಡೆಯ ಸ್ವಿಚ್ಚುಗಳನ್ನು ಕೀಳಿಸಿ ಆಗಿತ್ತು. ಮೈಕಿನ ಧ್ವನಿ ಮಾರ್ದನಿಸಬಾರದೆಂದು ಕಿಟಕಿಗಳಿಗೆ ಹಲಗೆ ಹೊಡೆಸಿ ಆಗಿತ್ತು. ಹೊರಗೆ ಫೆಬ್ರವರಿಯ ಬಿಸಿಲು, ಒಳಗೆ ಅಮಾವಾಸ್ಯೆ.

ಅಂದು ಮೇಲ್ವಿಚಾರಣೆಗೆ ಇದ್ದವರು ಸಮಾಜ ವಿಜ್ಞಾನದ ಮೇಡಂ. ಅವರ ಕೊಠಡಿಯಲ್ಲಿ ಸೊಳ್ಳೆಯೂ ಅನುಮತಿ ಕೇಳಿ ಕಚ್ಚಬೇಕು. ದೀಪ ಆರಿದೊಡನೆ ಅವರು ಎದ್ದು ನಿಂತು ಒಂದು ಕೈ ಬೀಸಿದರು, ದೀಪ ಹತ್ತಿತು. ಐದು ನಿಮಿಷಕ್ಕೆ ಮತ್ತೆ ಕತ್ತಲೆ. ಈ ಸಲ ಎರಡೂ ಕೈ ಬೀಸಿದರು, ನಿಲ್ಲಿಸದೆ ಹೊರಟ ನಗರ ಸಾರಿಗೆ ಬಸ್ಸನ್ನು ಕೂಗುವವರ ಹಾಗೆ. ಮೂರನೆಯ ಸಲಕ್ಕೆ ಮಕ್ಕಳು ಬರೆಯುವುದನ್ನು ಬಿಟ್ಟು ಕಾಯತೊಡಗಿದ್ದರು. ನಾಲ್ಕನೆಯ ಸಲ, ಗುರುಗಳಿಗೆ ನೆರವಾಗುವುದು ಶಿಷ್ಯಧರ್ಮವೆಂದು ಎಂಬತ್ತೂ ಮಕ್ಕಳು ಎರಡೂ ಕೈ ಎತ್ತಿ ಬೀಸಿದರು. ನಾನು ಬಾಗಿಲ ಗಾಜಿನಿಂದ ನೋಡಿದ್ದು ಆ ದೃಶ್ಯವನ್ನೇ: ಎದುರಿಗೆ ಕೈ ಮೇಲೆತ್ತಿ ನಿಂತ ಮೇಡಂ, ಅವರ ಮುಂದೆ ಕೈ ಮೇಲೆತ್ತಿದ ಎಂಬತ್ತು ಮಕ್ಕಳು. ಪೊಲೀಸರು ಸುತ್ತುವರಿದಿರಬೇಕು ಎಂದುಕೊಂಡೆ. ನನ್ನ ಹಿಂದೆಯೇ ಬಂದ ಮುಖ್ಯೋಪಾಧ್ಯಾಯಿನಿಯವರು, “ಪರೀಕ್ಷೆಯ ಹೊತ್ತಿನಲ್ಲಿ ಭಜನೆ ಏಕೆ?” ಎಂದು ಕೇಳಿದರು. ಆ ಒಂದೊಂದು ಕತ್ತಲೆಯಲ್ಲಿ ಎಷ್ಟು ಬಿಟ್ಟ ಸ್ಥಳಗಳು ತುಂಬಿದವು ಎಂಬುದನ್ನು ಮೌಲ್ಯಮಾಪಕರೇ ಹೇಳಬೇಕು.

ನನಗೊಂದು ಉಪಾಯ ಹೊಳೆಯಿತು. ಸ್ಟ್ಯಾಂಡ್ ಫ್ಯಾನಿಗೆ ಡಸ್ಟರ್ ಕಟ್ಟಿ ಮೂಲೆಯಲ್ಲಿ ನಿಲ್ಲಿಸಿದೆ. ಡಸ್ಟರ್ ಮೈಮೇಲೆ ದೇವರು ಬಂದಂತೆ ಕುಣಿಯಿತು, ದೀಪ ಮಾತ್ರ ಹೊತ್ತಿಗೆ ಸರಿಯಾಗಿ ಆರಿತು. ಶಾಖವಿಲ್ಲದ್ದು ಎಷ್ಟು ಕುಣಿದರೂ ಆ ಗುಂಡಿಗೆ ಲೆಕ್ಕಕ್ಕಿಲ್ಲವಂತೆ. ಶಾಖವುಳ್ಳ ದೈಹಿಕ ಶಿಕ್ಷಕರನ್ನು ಕರೆಸಿದೆ. ಅವರ ಬೂಟು ಹೆಜ್ಜೆಗೊಮ್ಮೆ ಕಿರ್ ಎನ್ನುತ್ತಿತ್ತು. ಎರಡನೆಯ ಸುತ್ತಿಗೆ, ಅಭ್ಯಾಸಬಲ ನೋಡಿ, ಸೀಟಿ ಊದಿಬಿಟ್ಟರು. ಮುಂದಿನ ಸಾಲಿನ ಇಬ್ಬರು ಎದ್ದು ಸಾವಧಾನದಲ್ಲಿ ನಿಂತರು.

ಐದು ನಿಮಿಷದ ಗಡುವನ್ನು ಬದಲಿಸಬಹುದಲ್ಲ ಎಂದು ನೀವು ಕೇಳುತ್ತೀರಿ. ಬದಲಿಸಬಹುದು, ಆ್ಯಪ್ ಇದೆ. ಆ್ಯಪ್ ತೆರೆಯಲು ಓಟಿಪಿ ಬೇಕು. ಅದು ಹೋಗುವುದು ದೀಪ ಹಾಕಿಕೊಟ್ಟ ಹುಡುಗನ ನಂಬರಿಗೆ. ಆ ಹುಡುಗ ಕೆಲಸ ಬಿಟ್ಟಿದ್ದಾನೆ, ನಂಬರನ್ನೂ ಬಿಟ್ಟಿದ್ದಾನೆ. ನಾನು ಫೋನು ಮಾಡಿದಾಗ ಎತ್ತಿದವರು ಹಾಸನದ ಕಡೆಯ ಒಬ್ಬ ಹೆಂಗಸು. ಹಿನ್ನೆಲೆಯಲ್ಲಿ ಕುಕ್ಕರ್ ಕೂಗುತ್ತಿತ್ತು.

“ಅಮ್ಮಾ, ನಿಮ್ಮ ಮೊಬೈಲಿಗೆ ಈಗ ಆರು ಅಂಕಿಯ ಒಂದು ಸಂಖ್ಯೆ ಬಂದಿರಬೇಕು. ಅದನ್ನು ಸ್ವಲ್ಪ ಹೇಳುತ್ತೀರಾ?”

“ನೀವು ಯಾರು?”

“ಮೈಸೂರಿನ ಶಾಲೆಯವನಮ್ಮ. ಇಲ್ಲಿ ಮಕ್ಕಳು ಕತ್ತಲಲ್ಲಿ ಪರೀಕ್ಷೆ ಬರೆಯುತ್ತಿದ್ದಾರೆ.”

“ಹೋದ ತಿಂಗಳು ಒಬ್ಬ ಕೊರಿಯರ್ ಎಂದ, ಮೊನ್ನೆ ಒಬ್ಬ ಬ್ಯಾಂಕ್ ಎಂದ. ಇವತ್ತು ಮಕ್ಕಳನ್ನೇ ಮುಂದೆ ಬಿಟ್ಟಿದ್ದೀರಿ. ನಾಚಿಕೆಯಾಗುವುದಿಲ್ಲವೇ?”

ಫೋನು ಇಟ್ಟರು. ಅವರನ್ನು ಬೈಯಲು ಮನಸ್ಸು ಬರಲಿಲ್ಲ. ಓಟಿಪಿ ಯಾರಿಗೂ ಹೇಳಬಾರದೆಂದು ನಮ್ಮ ಪೋಷಕರ ಸಭೆಯಲ್ಲಿ ಅರ್ಧ ಗಂಟೆ ಭಾಷಣ ಮಾಡಿದವನು ನಾನೇ.

ಕೊನೆಗೆ ಬಾಗಿಲ ಬಳಿ ನಿಂತಿದ್ದ ಗಂಟೆ ತಾತ ಮೆಲ್ಲಗೆ, “ಸ್ವಾಮಿ, ನಾನು ಓಡಾಡಲೇ?” ಎಂದರು.

ಗಂಟೆ ತಾತ ನಮ್ಮ ಹಳೆಯ ಅಟೆಂಡರ್. ನಿವೃತ್ತಿಯ ವಯಸ್ಸು ದಾಟಿದ್ದರೂ ಹೋಗಿ ಎನ್ನಲು ಯಾರಿಗೂ ಬಾಯಿ ಬಂದಿಲ್ಲ. ಹುಣಸೆಮರಕ್ಕೆ ನೇತುಹಾಕಿದ್ದ ರೈಲು ಹಳಿಯ ತುಂಡನ್ನು 24 ವರ್ಷ ಬಾರಿಸಿದವರು ಅವರು. ಬೆಂಗಳೂರು–ಮೈಸೂರು ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಮಾಡಿದಾಗ ಗುಜರಿಗೆ ಬಂದ ತುಂಡು ಅದು ಎಂಬುದು ಅವರ ವಾದ. ಆ ಹಳಿಯಲ್ಲಿ ಅವರದೊಂದು ಭಾಷೆಯೇ ಇತ್ತು. ಪಿರಿಯಡ್ಡಿಗೆ ಒಂಟಿ ಏಟು, ಊಟಕ್ಕೆ ಜೋಡಿ ಏಟು, ಸಂಜೆ ಮನೆಗೆ ಬಿಡುವಾಗ ಮಳೆ ಸುರಿದಂತೆ. ಹೊರಗೆ ನಿಜವಾಗಿ ಮಳೆ ಸುರಿಯುತ್ತಿದ್ದರೆ ಐದು ನಿಮಿಷ ತಡೆದು ಬಾರಿಸುತ್ತಿದ್ದರು, ಯಾರನ್ನೂ ಕೇಳದೆ. 2018ರಲ್ಲಿ ದಾವಣಗೆರೆಯ ಒಂದು ನಾಮಕರಣದಿಂದ ಸ್ವಯಂಚಾಲಿತ ಗಂಟೆ ಬಂತು. ಮರುವರ್ಷ ಮಕ್ಕಳು ನೀರು ಕುಡಿಯಲೆಂದು ರಾಜ್ಯದ ಶಾಲೆಗಳಿಗೆ ‘ವಾಟರ್ ಬೆಲ್’ ಬಂದಾಗ ಆ ಯಂತ್ರಕ್ಕೆ ಹೊಸ ವೇಳೆ ಕಲಿಸಲು ಬೆಂಗಳೂರಿನಿಂದ ಜನ ಬರಬೇಕಾಯಿತು. ತಾತನಿಗಾದರೆ ಒಂದು ಮಾತು ಹೇಳಿದ್ದರೆ ಸಾಕಿತ್ತು.

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ಗಡಿಬಿಡಿಯಲ್ಲಿ ಆ ಗಂಟೆಯನ್ನು ಆರಿಸುವುದನ್ನು ಮರೆತೆವು. ಸಂಬಳದ ಕಾಗದಕ್ಕೆಂದು ನಾನೊಮ್ಮೆ ಅನುಮತಿ ಪತ್ರ ಹಿಡಿದು ಒಳಗೆ ಹೋದಾಗ 12.40ಕ್ಕೆ ಊಟದ ಗಂಟೆ ಹೊಡೆಯಿತು. ಮಕ್ಕಳ ಡಬ್ಬಿಯ ಉಳಿಕೆ ತಿಂದು ಬೆಳೆದ ಬೀದಿ ನಾಯಿಗಳು ಮೂರು, ಕಾಂಪೌಂಡಿನ ಸಂದಿಯಿಂದ ನುಸುಳಿ ಬಂದು ಕೈತೊಳೆಯುವ ಕಟ್ಟೆಯ ಬಳಿ ಸಾಲಾಗಿ ಕುಳಿತವು. ಕಾರಿಡಾರಿನ ಕಡೆಗೇ ನೋಡುತ್ತಿದ್ದವು. 1.20ರ ಗಂಟೆ ಹೊಡೆಯಿತು, ಎದ್ದು ಹೋದವು. ನಾನು ಹೋಗಿ ಪ್ಲಗ್ ಕಿತ್ತೆ.

ಇರಲಿ. ತಾತ ಚಪ್ಪಲಿ ಬಿಟ್ಟು ಸಭಾಂಗಣದ ಒಳಗೆ ಹೋದರು. ಬೆಕ್ಕಿನ ಹೆಜ್ಜೆಯಲ್ಲಿ ಗೋಡೆಯುದ್ದಕ್ಕೂ ಒಂದು ಸುತ್ತು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಕೈಗಡಿಯಾರ ನೋಡಿಕೊಂಡು ನಾಲ್ಕು ನಿಮಿಷಕ್ಕೆ ಸರಿಯಾಗಿ ಮತ್ತೆ ಎದ್ದರು. ದೀಪ ಆರಲಿಲ್ಲ. ಬಲಗಡೆಯಿಂದಲೇ ಸುತ್ತುತ್ತಾರೆ, ಅಪ್ರದಕ್ಷಿಣೆ ಅಶುಭವಂತೆ.

ಬುಧವಾರ ಗಣಿತ. ಮೂರು ಗಂಟೆ 15 ನಿಮಿಷದ ಪತ್ರಿಕೆ. ಮುಗಿಸಿ ಹೊರಗೆ ಬಂದ ತಾತ ಮಂಡಿ ತಿಕ್ಕಿಕೊಳ್ಳುತ್ತ, “48 ಆಯಿತು ಸ್ವಾಮಿ, ಒಂದು ಮಂಡಲ” ಎಂದರು. ಹಿಂದೆಯೇ ಬಂದ ಹುಡುಗಿಯೊಬ್ಬಳು ಗೆಳತಿಗೆ ಹೇಳುತ್ತಿದ್ದಳು: “ತಾತ ಮೂರು ಸುತ್ತು ಬಂದರೂ ನನಗೆ ಥೇಲ್ಸ್ ಪ್ರಮೇಯ ಮುಗಿಯಲೇ ಇಲ್ಲ ಕಣೇ.” ಗೋಡೆಯ ಮೇಲೆ ಕೆಂಪು ಅಂಕಿಯ ಗಡಿಯಾರವಿದೆ, ಉಪಗ್ರಹದಿಂದ ವೇಳೆ ಪಡೆಯುತ್ತದೆಯಂತೆ. ಅದನ್ನು ಯಾರೂ ನೋಡಿದಂತಿಲ್ಲ. ತಾತನಿಗೂ ಇದು ಕೇಳಿಸಿರಬೇಕು. ನೋವಿದ್ದರೂ ಮುಖ ಸಣ್ಣಗೆ ಅರಳಿತ್ತು.

ಕಾರ್ಯದರ್ಶಿಗಳು ಗಾಜಿನಿಂದ ಎಲ್ಲವನ್ನೂ ನೋಡಿದ್ದರು. ಬಯ್ಯುತ್ತಾರೆಂದು ನಾನು ಸಿದ್ಧನಾಗಿ ನಿಂತೆ. ಅವರು ಗಲ್ಲ ಕೆರೆದುಕೊಂಡು, “ಇದು ಬೇರೆ ಯಾವ ಶಾಲೆಯಲ್ಲೂ ಇಲ್ಲ ರಾಯರೇ” ಎಂದರು. ಅವರ ಧ್ವನಿಯಲ್ಲಿ ಇದ್ದದ್ದು ಹೆಮ್ಮೆಯೋ ದುಃಖವೋ ತಿಳಿಯಲಿಲ್ಲ.

ಶನಿವಾರ ಏಣಿಯವರು ಬಂದು ಸ್ವಿಚ್ಚು ಹಾಕಿಕೊಡುತ್ತಾರೆ, ಹಿಂದೆ ಇದ್ದಂಥದ್ದೇ, ಟಕ್ ಎನ್ನುವಂಥದ್ದು. ಭಾನುವಾರ ಕಾರ್ಯದರ್ಶಿಗಳು ನಿಶ್ಚಿತಾರ್ಥವೊಂದಕ್ಕೆ ಕಾರ್ಕಳಕ್ಕೆ ಹೊರಟಿದ್ದಾರೆ. ಆ ಊರಿನಲ್ಲಿ ದೊಡ್ಡ ಶಾಲೆಗಳು ಇವೆಯೇ ಎಂದು ಗಂಟೆ ತಾತ ಬೆಳಿಗ್ಗೆಯಿಂದ ನನ್ನನ್ನು ಮೂರು ಸಲ ಕೇಳಿದ್ದಾರೆ.