ಕಡುಗೆಂಪು ಪ್ರಳಯ

ಹವಾಮಾನ ಹೇಳುವವರು ಆಕಾಶ ನೋಡುತ್ತಿದ್ದ ಕಾಲ ಮುಗಿಯಿತು. ಈಗ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಇದ್ದರೆ ಸಾಕು. ಅದರಲ್ಲಿ ನಕ್ಷೆ ಬರೆದುಕೊಡುವ ಮ್ಯಾಟ್‌ಪ್ಲಾಟ್‌ಲಿಬ್ ಉಚಿತ, ಹವಾಮಾನದ ಲೆಕ್ಕ ಮಾಡಿಕೊಡುವ ಮೆಟ್‌ಪೈ ಉಚಿತ, ಕಂಪ್ಯೂಟರಿನಲ್ಲಿ ಹವಾಮಾನ ಲೆಕ್ಕಹಾಕುವ ಅಮೆರಿಕದ ಜಿಎಫ್‌ಎಸ್ ಮಾದರಿಯ ದತ್ತಾಂಶವೂ ಉಚಿತ. ಅದು ದಿನಕ್ಕೆ 4 ಬಾರಿ ಬರುತ್ತದೆ, ಪ್ರತಿ ಬಾರಿಯೂ 384 ಗಂಟೆಗಳ ಭವಿಷ್ಯ ಹೊತ್ತುಕೊಂಡು. ಇಷ್ಟೆಲ್ಲ ಪುಕ್ಕಟೆ ಸಿಕ್ಕ ಮೇಲೆ ಜಾಲತಾಣದಲ್ಲಿ ಮಳೆಯ ನಕ್ಷೆ ಹಂಚುವ ಪ್ರವಾದಿಗಳಿಗೆ ಬರವೆಲ್ಲಿ?

ಪ್ರವಾದಿಯ ಬಂಡವಾಳ ಬಣ್ಣ. ಕನಿಷ್ಠ, ಗರಿಷ್ಠ ಮಿತಿಗಳನ್ನು ಹೇಳದೆ ಬಿಟ್ಟರೆ ತಂತ್ರಾಂಶ ಕೈಗೆ ಸಿಕ್ಕ ಅಂಕಿಗಳಲ್ಲೇ ಅತಿ ದೊಡ್ಡದಕ್ಕೆ ಬಣ್ಣಪಟ್ಟಿಯ ತುದಿಯನ್ನು ಕೊಟ್ಟುಬಿಡುತ್ತದೆ. ಇಡೀ ನಕ್ಷೆಯ ಗರಿಷ್ಠ ಮಳೆ 3 ಮಿಲಿಮೀಟರ್ ಆಗಿದ್ದರೂ ಸರಿ, ಆ ಜಾಗ ಕಡುಗೆಂಪು. ಕೊಡೆ ಬಿಚ್ಚುವಷ್ಟರಲ್ಲಿ ನಿಲ್ಲುವ ತುಂತುರಿಗೆ ಪ್ರಳಯದ ಪಟ್ಟ! ಪಕ್ಕದಲ್ಲಿ ಅಳತೆಯ ಪಟ್ಟಿ ಇರುತ್ತದಲ್ಲ ಎನ್ನಬೇಡಿ. ಹಂಚುವ ಮೊದಲು ಅದನ್ನು ಕತ್ತರಿಸುವುದು ಸಂಪ್ರದಾಯ. ಚಿತ್ರ ಚೌಕಟ್ಟಿನಲ್ಲಿ ಚೆನ್ನಾಗಿ ಕೂರುತ್ತದಂತೆ.

ಇಲ್ಲದ ಅಂಚುಗಳನ್ನು ಇದ್ದಂತೆ ತೋರಿಸುತ್ತದೆಂಬ ಕಾರಣಕ್ಕೆ ಮ್ಯಾಟ್‌ಪ್ಲಾಟ್‌ಲಿಬ್‌ನವರು 2017ರ 2.0 ಆವೃತ್ತಿಯಲ್ಲಿ ‘ಜೆಟ್’ ಎಂಬ ಕಾಮನಬಿಲ್ಲಿನ ಬಣ್ಣಗಳನ್ನು ಮೂಲ ಆಯ್ಕೆಯ ಸ್ಥಾನದಿಂದ ಇಳಿಸಿ, ಹದವಾಗಿ ಹಳದಿಗೆ ಏರುವ ‘ವಿರಿಡಿಸ್’ ತಂದರು. ಪ್ರವಾದಿ ಒಂದೇ ಪದ ಬರೆದು ಜೆಟ್ಟನ್ನು ಮತ್ತೆ ಪಟ್ಟಕ್ಕೇರಿಸಿದ. ಅವನನ್ನೂ ದೂರುವಂತಿಲ್ಲ. ಹಳದಿ ಪ್ರಳಯವನ್ನು ಯಾರು ಹಂಚುತ್ತಾರೆ?

ಪಾಂಡಿತ್ಯ ಪ್ರದರ್ಶನಕ್ಕೆ, ನೆಲದಿಂದ ಮೇಲೇರಿದಂತೆ ಗಾಳಿಯ ಉಷ್ಣತೆ, ತೇವ ಹೇಗೆ ಬದಲಾಗುತ್ತವೆಂದು ತೋರಿಸುವ ಸ್ಕ್ಯೂ-ಟಿ ನಕ್ಷೆಯಿದೆ. ಎತ್ತರದ ಬದಲು ಒತ್ತಡ, ಅದೂ ಲಾಗರಿದಮ್ ಅಳತೆಯಲ್ಲಿ. ಉಷ್ಣತೆಯ ಗೆರೆಗಳೆಲ್ಲ ಓರೆ. ಬಲ್ಲವರಿಗೆ ಅದು ಗುಡುಗಿನ ಜಾತಕ, ಉಳಿದವರಿಗೆ ಕೈಮುಗಿಯುವ ಯಂತ್ರ. ಮೇಲೇರುವ ಗಾಳಿಗೆ ಸಿಗುವ ಶಕ್ತಿ, ಅಂದರೆ ‘ಕೇಪ್’, ಎಷ್ಟೆಂದು ಮೆಟ್‌ಪೈ ಅಲ್ಲಿ ಕೆಂಪು ತುಂಬಿ ತೋರಿಸುತ್ತದೆ. ಆದರೆ ಕೇಪ್ ಬರೀ ಇಂಧನದ ಲೆಕ್ಕ. ನೆಲದ ಗಾಳಿಯ ಮೇಲೆ ಕೂತ ಬಿಸಿ ಪದರ ಅದನ್ನು ಮೇಲೇಳಲು ಬಿಡದಿದ್ದರೆ ಗುಡುಗೂ ಇಲ್ಲ, ಸಿಡಿಲೂ ಇಲ್ಲ. ಆ ಅಡ್ಡಿಯನ್ನೂ ಮೆಟ್‌ಪೈ ನೀಲಿಯಲ್ಲಿ ತುಂಬಬಲ್ಲದು. ಅದಕ್ಕೆ ಇನ್ನೊಂದು ಸಾಲು ಬರೆಯಬೇಕು, ಅಷ್ಟೆ. ಆ ಸಾಲನ್ನು ಪ್ರವಾದಿ ಬರೆಯುವುದಿಲ್ಲ.

ಗಾಳಿಯ ಬಾಣಗಳ ಕಥೆ ಇನ್ನೂ ಸೊಗಸು. ಹವಾಮಾನ ನಕ್ಷೆಗಳ ರೂಢಿಯಲ್ಲಿ ಬಾಣದ ಬಾಲದ ಗರಿಗಳೇ ವೇಗ ಹೇಳುತ್ತವೆ: ಅರ್ಧ ಗರಿ 5 ನಾಟ್ (ಗಂಟೆಗೆ ಇಷ್ಟು ನಾವಿಕ ಮೈಲಿ), ಪೂರ್ಣ ಗರಿ 10, ತ್ರಿಕೋನ 50. ಮಾದರಿ ಕೊಡುವುದು ಸೆಕೆಂಡಿಗೆ ಇಷ್ಟು ಮೀಟರ್ ಎಂದು. ಸೆಕೆಂಡಿಗೆ 25 ಮೀಟರ್ ಎಂದರೆ ಸುಮಾರು 49 ನಾಟ್. ಪರಿವರ್ತಿಸದೆ ಎಳೆದರೆ ನಕ್ಷೆಯಲ್ಲಿ 25 ನಾಟ್ ಎಂದೇ ಕಾಣುತ್ತದೆ. ಹೀಗೆ ತುಂತುರಿಗೆ ಊರೆಲ್ಲ ನಡುಗಿಸಿದವನ ನಕ್ಷೆಯಲ್ಲಿ ನಿಜವಾದ ಬಿರುಗಾಳಿ ಅರ್ಧಕ್ಕೆ ಇಳಿದಿರುತ್ತದೆ.

ಹತ್ತನೆಯ ದಿನಕ್ಕೆಂದು ಘೋಷಿಸಿದ ಚಂಡಮಾರುತ ಆರು ಗಂಟೆಗಳ ನಂತರ ಮಾದರಿ ಮಾಡಿದ ಹೊಸ ಲೆಕ್ಕದಲ್ಲಿ ಮಾಯವಾದರೆ ಪ್ರವಾದಿ ಎದೆಗುಂದುವುದಿಲ್ಲ. ‘ಮಾದರಿ ಮನಸ್ಸು ಬದಲಿಸಿದೆ’ ಎಂದು ಅದರ ಮೇಲೆ ಗೂಬೆ ಕೂರಿಸುತ್ತಾನೆ. ನಕ್ಷೆ ಬರೆದವನು ತಾನು, ತಪ್ಪಿದ್ದು ಮಾತ್ರ ಕಂಪ್ಯೂಟರ್. ಅನುಯಾಯಿಗಳೂ ಒಪ್ಪುತ್ತಾರೆ. ಅವರಿಗೆ ಬೇಕಾದದ್ದು 384ನೇ ಗಂಟೆಯ ನಕ್ಷೆ, ಅದೂ ಬೇರೆಯವರು ಹಾಕುವ ಮೊದಲು.