ಟ್ರಕ್ಕಿನ ಜಾಹೀರಾತು ಬಿಡಿ, ಬಾಗಿಲ ಮೇಲಿನ ಚೀಟಿ ಓದಿ

ಏಪ್ರಿಲ್ ಬಂತೆಂದರೆ ಅಮೆರಿಕದ ಡೆನ್ವರ್ ಸುತ್ತಮುತ್ತಲಿನ ನಮ್ಮ ಕನ್ನಡ ಬಳಗದಲ್ಲಿ ಟ್ರಾವೆಲ್ ಟ್ರೈಲರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆಯ ಮಾತು ಶುರುವಾಗುತ್ತದೆ. ಊರಿನಿಂದ ಅಪ್ಪ ಅಮ್ಮ ಬರುವ ಕಾಲ, ಮಕ್ಕಳ ರಜೆಯೂ ಹತ್ತಿರ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ ತೋರಿಸಬೇಕು, ಆದರೆ ಹೋಟೆಲಿನ ಕೋಣೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಅಪ್ಪನಿಗೆ ಹೊರಗಿನ ಊಟ ಎರಡು ದಿನಕ್ಕಿಂತ ಹೆಚ್ಚು ಸೇರುವುದಿಲ್ಲ, ಅಮ್ಮನಿಗೆ ದಾರಿಯುದ್ದಕ್ಕೂ ಶೌಚಾಲಯದ ಚಿಂತೆ. ಸ್ವಂತ ಅಡುಗೆಮನೆ, ಸ್ವಂತ ಬಚ್ಚಲು, ಸ್ವಂತ ಹಾಸಿಗೆ ಬೆನ್ನ ಹಿಂದೆಯೇ ಬರುವುದಾದರೆ ಅದಕ್ಕಿಂತ ಏನು ಬೇಕು? ಈ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ನಾನೂ ಟ್ರೈಲರ್ ಎಳೆಯುವವನೇ. ನನ್ನ ತಕರಾರು ಇರುವುದು ಅದನ್ನು ಎಳೆಯುವ ಪಿಕಪ್ ಟ್ರಕ್ಕನ್ನು ನಾವು ಆರಿಸುವ ರೀತಿಯ ಬಗ್ಗೆ.

‘ಈ ಟ್ರಕ್ 13,000 ಪೌಂಡ್ ಎಳೆಯುತ್ತದಂತೆ. ನಮ್ಮ ಟ್ರೈಲರ್ 7,000 ಕೂಡ ಇಲ್ಲ. ಅರ್ಧ ಶಕ್ತಿ ಹಾಗೇ ಉಳಿಯುತ್ತದೆ.’ ಇಂಥ ಮಾತನ್ನು ಓದು ಬರಹ ಬಲ್ಲವರು, ದಿನವಿಡೀ ಅಂಕಿಗಳ ನಡುವೆಯೇ ಕೆಲಸ ಮಾಡುವವರು ನಂಬಿಕೆಯಿಂದ ಹೇಳುತ್ತಾರೆ. ಮಾರುವವನೂ ಇದನ್ನೇ ಹೇಳಿರುತ್ತಾನೆ. ಆ 13,000 ಸುಳ್ಳಲ್ಲ. ಆದರೆ ಆರು ಜನರ ಸಂಸಾರಕ್ಕೆ ಅದು ಸಂಬಂಧಪಡದ ಅಂಕಿ. ಸಂಬಂಧಪಡುವ ಅಂಕಿ ಚಾಲಕನ ಬಾಗಿಲು ತೆರೆದರೆ ಕಾಣುತ್ತದೆ. ಬಾಗಿಲು ಮುಚ್ಚಿಕೊಳ್ಳುವ ಕಂಬದ ಮೇಲೆ ಹಳದಿ ಬಿಳಿ ಬಣ್ಣದ ಒಂದು ಚೀಟಿ ಅಂಟಿಸಿರುತ್ತಾರೆ. ಟೈರಿನ ಗಾಳಿಯ ಒತ್ತಡದ ವಿವರ ಇರುವುದು ಅದರಲ್ಲೇ. ಅದರ ಮೇಲ್ಭಾಗದಲ್ಲಿ, ಗಾಡಿಯೊಳಗಿನ ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಎಂದಿಗೂ ಮೀರಬಾರದು ಎಂದು ಕಿಲೋ ಮತ್ತು ಪೌಂಡ್ ಎರಡರಲ್ಲೂ ಬರೆದಿರುತ್ತದೆ. ಅದು ಆ ಮಾದರಿಯ ಎಲ್ಲ ಟ್ರಕ್ಕುಗಳಿಗೂ ಅನ್ವಯಿಸುವ ಅಂಕಿಯಲ್ಲ, ನಿಮ್ಮೆದುರು ನಿಂತಿರುವ ಆ ಒಂದು ಟ್ರಕ್ಕಿನದು. ಪೇಲೋಡ್ ಎಂದರೆ ಅದೇ.

ಟ್ರೈಲರ್ ಹಿಂದೆ ಚಕ್ರಗಳ ಮೇಲೆ ಉರುಳಿಕೊಂಡು ಬರುತ್ತದೆ, ಅದರ ತೂಕಕ್ಕೂ ಪೇಲೋಡಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಇರುವುದು ಕೊಂಡಿಯಲ್ಲಿ. ಟ್ರೈಲರಿನ ಮುಂಭಾಗ ಟ್ರಕ್ಕಿನ ಹಿಚ್ ಎಂಬ ಆ ಕೊಂಡಿಯ ಮೇಲೆ ಊರುವ ಭಾರವನ್ನು ಟಂಗ್ ವೆಯ್ಟ್ ಎನ್ನುತ್ತಾರೆ. ಅದು ತುಂಬಿದ ಟ್ರೈಲರಿನ ತೂಕದ ಶೇಕಡ 10ರಿಂದ 15ರಷ್ಟು ಇರಲೇಬೇಕು. ಕಡಿಮೆಯಾದರೆ ಟ್ರೈಲರ್ ಹೆದ್ದಾರಿಯಲ್ಲಿ ಎಡಕ್ಕೂ ಬಲಕ್ಕೂ ತೂಗಾಡತೊಡಗುತ್ತದೆ. ಇರಬೇಕಾದಷ್ಟು ಇದ್ದರೆ, ಆ ಇಡೀ ಭಾರ ಟ್ರಕ್ಕಿನ ಪೇಲೋಡಿನಿಂದ ಕಳೆದುಹೋಗುತ್ತದೆ. ಮಂಡ್ಯದ ಕಡೆ ಕಬ್ಬಿನ ಹಂಗಾಮಿನಲ್ಲಿ ಹೊರೆ ಹೆಚ್ಚಾದ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ಏರಿನಲ್ಲಿ ನೆಲ ಬಿಡುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಿಕಪ್ಪಿನ ಮುಂದಿನ ಚಕ್ರ ಕಣ್ಣಿಗೆ ಕಾಣುವಷ್ಟು ಮೇಲೇಳುವುದಿಲ್ಲ. ಆದರೆ ಹಿಂಭಾಗ ಕುಸಿದು ಮುಂಭಾಗ ಹಗುರವಾಗುತ್ತದೆ, ಸ್ಟಿಯರಿಂಗಿಗೂ ಮುಂದಿನ ಬ್ರೇಕಿಗೂ ಇದ್ದ ಹಿಡಿತ ಸಡಿಲವಾಗುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಹಾಫ್ ಟನ್ ಎಂದು ಕರೆಯುವ ವರ್ಗದ, ಅಂದರೆ ಫೋರ್ಡ್ ಎಫ್-150, ರ‍್ಯಾಮ್ 1500, ಶೆವರ್ಲೆ ಸಿಲ್ವರಾಡೊ 1500 ಬಗೆಯ ಒಂದು ಟ್ರಕ್ಕಿನ ಚೀಟಿಯಲ್ಲಿ 1,500 ಪೌಂಡ್ ಇದೆ ಎನ್ನಿ, ಸುಮಾರು 680 ಕಿಲೋ. ಟ್ರೈಲರ್ ತುಂಬಿದ ಮೇಲೆ 7,000 ಪೌಂಡ್. ಅದರ ಶೇಕಡ 13, ಅಂದರೆ 910 ಪೌಂಡ್, ಹಿಚ್ ಮೇಲೆ ಕೂರುತ್ತದೆ. ಭಾರ ಹಂಚುವ ಹಿಚ್‌ನ ಉಕ್ಕಿನ ಸಾಮಗ್ರಿಯೇ 90 ಪೌಂಡ್. ಅಲ್ಲಿಗೆ 1,000 ಆಯಿತು. ಗಂಡ ಹೆಂಡತಿ ಇಬ್ಬರಿಗೆ 330, ಮಕ್ಕಳಿಬ್ಬರಿಗೆ 150. ಒಟ್ಟು 1,480. ಉಳಿದದ್ದು 20 ಪೌಂಡ್, ಇಲ್ಲಿನ ಅಂಗಡಿಗಳಲ್ಲಿ ಸಿಗುವ ಸೋನಾ ಮಸೂರಿಯ ಒಂದು ಚೀಲ. ಅಪ್ಪ ಅಮ್ಮ ಇನ್ನೂ ಗಾಡಿ ಹತ್ತಿಲ್ಲ. ಅವರಿಬ್ಬರ 290 ಪೌಂಡ್ ಸೇರಿಸಿದರೆ ಚೀಟಿಯ ಮಿತಿಯನ್ನು 270 ಪೌಂಡ್ ಮೀರಿದಿರಿ. ಹಿಂದಿನ ತೊಟ್ಟಿಯಲ್ಲಿ ಮಡಚುವ ಕುರ್ಚಿ, ಐಸ್ ಪೆಟ್ಟಿಗೆ, ಸೌದೆ, ಮಕ್ಕಳ ಸೈಕಲ್ ಯಾವುದೂ ಇನ್ನೂ ಬಿದ್ದಿಲ್ಲ. ಯಾರ ತಾಯಿ ತಂದೆಯನ್ನು ಕೂರಿಸಿಕೊಳ್ಳಲೆಂದು ಇಷ್ಟೆಲ್ಲ ಖರ್ಚು ಮಾಡಿದಿರೋ, ಅವರನ್ನು ಕೂರಿಸಿಕೊಂಡ ಕ್ಷಣವೇ ಗಾಡಿ ತನ್ನ ಮಿತಿ ದಾಟಿರುತ್ತದೆ. ಈ ಮಾತನ್ನು ಮಳಿಗೆಯಲ್ಲಿ ಯಾರೂ ಹೇಳುವುದಿಲ್ಲ ಎನ್ನುವುದೇ ನನ್ನ ಸಿಟ್ಟು.

ಟ್ರೈಲರ್ ತೂಕದ ವಿಚಾರದಲ್ಲೂ ಎಚ್ಚರ ಬೇಕು. ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಇರುವುದು ಖಾಲಿ ತೂಕ. ನೀರು ಗ್ಯಾಲನ್ನಿಗೆ 8.3 ಪೌಂಡ್ ತೂಗುತ್ತದೆ, 40 ಗ್ಯಾಲನ್ ತೊಟ್ಟಿ ತುಂಬಿದರೆ 330 ಪೌಂಡಿಗಿಂತ ಹೆಚ್ಚು. ಬ್ಯಾಟರಿ ಮತ್ತು ಪ್ರೊಪೇನ್ ಸಿಲಿಂಡರುಗಳನ್ನು ಸಾಮಾನ್ಯವಾಗಿ ಕೂರಿಸುವುದು ಟ್ರೈಲರಿನ ಮೂತಿಯ ಮೇಲೆಯೇ, ಆದ್ದರಿಂದ ಅವುಗಳ ಭಾರ ಹೆಚ್ಚುಕಡಿಮೆ ನೇರವಾಗಿ ಹಿಚ್ ಮೇಲೆ ಬೀಳುತ್ತದೆ. ನಮ್ಮವರ ಅಡುಗೆಮನೆಯಂತೂ ಕಡಿಮೆ ತೂಗುವುದಿಲ್ಲ. ಕುಕ್ಕರ್, ಮಿಕ್ಸಿ, ದೋಸೆಯ ಕಾವಲಿ, ಎರಡು ವಾರಕ್ಕಾಗುವಷ್ಟು ಬೇಳೆ ಅಕ್ಕಿ ಎಲ್ಲ ಏರಲೇಬೇಕು. ಲೆಕ್ಕಕ್ಕೆ ಹಿಡಿಯಬೇಕಾದದ್ದು ಟ್ರೈಲರಿನ ಗರಿಷ್ಠ ಅನುಮತಿಸಿದ ತೂಕವನ್ನು, ಖಾಲಿ ತೂಕವನ್ನಲ್ಲ.

ಹಾಗಾದರೆ 13,000 ಎಲ್ಲಿಂದ ಬಂತು? ಎಳೆಯುವ ಸಾಮರ್ಥ್ಯವನ್ನು ಅಳೆಯಲು ಇಲ್ಲಿ ಜೆ2807 ಎಂಬ ಮಾನದಂಡವಿದೆ. ಅದು ಬರುವ ಮೊದಲು ಪ್ರತಿ ಕಂಪನಿಯೂ ತನಗೆ ತೋಚಿದಂತೆ ಅಳೆದು ಅಂಕಿ ಹಾಕುತ್ತಿತ್ತು. 2011ರ ಟುಂಡ್ರಾ ಟ್ರಕ್ಕಿಗೆ ಟೊಯೋಟಾ ಎಲ್ಲರಿಗಿಂತ ಮೊದಲು ಈ ಮಾನದಂಡ ಅಳವಡಿಸಿ ತನ್ನ ಅಂಕಿಯನ್ನು ತಾನೇ ಇಳಿಸಿಕೊಂಡಿತು. ಆ ನಡೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಪರೀಕ್ಷೆಯೇನೂ ಸುಲಭದ್ದಲ್ಲ. ಅರಿಜೋನಾದಲ್ಲಿ ಡೇವಿಸ್ ಡ್ಯಾಮ್ ಬಳಿಯಿಂದ ಯೂನಿಯನ್ ಪಾಸ್ ಕಡೆಗೆ ಏರುವ 11.4 ಮೈಲಿ ರಸ್ತೆಯಲ್ಲಿ, ಸುಡುಬಿಸಿಲಿನಲ್ಲಿ, ಏಸಿ ಪೂರ್ತಿ ಹಾಕಿಕೊಂಡು ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್ ಎಲ್ಲದರ ಸತ್ವ ಅಲ್ಲಿ ಬಯಲಾಗುತ್ತದೆ. ಆದರೆ ಆ ಲೆಕ್ಕದಲ್ಲಿ ಗಾಡಿಯೊಳಗೆ ಇರುವವರು ತಲಾ 150 ಪೌಂಡಿನ ಇಬ್ಬರೇ. ಮಕ್ಕಳಿಲ್ಲ, ಅಜ್ಜಿ ತಾತ ಇಲ್ಲ, ಐಸ್ ಪೆಟ್ಟಿಗೆ ಇಲ್ಲ. ಟಂಗ್ ವೆಯ್ಟ್ ಕೂಡ ಶೇಕಡ 10, ಅಂದರೆ ಕನಿಷ್ಠ ಮಿತಿಯಲ್ಲೇ. ಅಷ್ಟು ದೊಡ್ಡ ಅಂಕಿ ಪಡೆದ ಟ್ರಕ್ ಹೆಚ್ಚಾಗಿ ನಿರ್ದಿಷ್ಟ ಎಂಜಿನ್, ನಿರ್ದಿಷ್ಟ ಆಕ್ಸಲ್ ಅನುಪಾತ, ನಿರ್ದಿಷ್ಟ ಟೋಯಿಂಗ್ ಪ್ಯಾಕೇಜ್ ಇರುವಂಥದ್ದು. ಜಾಹೀರಾತಿನ ಟ್ರಕ್ ಬೇರೆ, ಮಳಿಗೆಯ ಅಂಗಳದಲ್ಲಿ ಹೊಳೆಯುತ್ತಾ ನಿಂತಿರುವ ಟ್ರಕ್ ಬೇರೆ.

ಹೊಳೆಯುವ ಟ್ರಕ್ಕುಗಳ ಬಗ್ಗೆ ಇನ್ನೊಂದು ಮಾತು. ದುಬಾರಿಯಾದಷ್ಟೂ ಗಟ್ಟಿ ಎಂದು ನಾವು ಭಾವಿಸುತ್ತೇವೆ. ಪೇಲೋಡಿನಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. ಗಾಜಿನ ಚಾವಣಿ, ಮೋಟಾರಿನ ಆಸನ, ನಾಲ್ಕು ಚಕ್ರದ ಚಾಲನೆ, ದೊಡ್ಡ ಚಕ್ರ, ಇವೆಲ್ಲ ತೂಗುತ್ತವೆ. ಆ ತೂಕ ನಿಮ್ಮ ಪೇಲೋಡಿನಿಂದಲೇ ಹೋಗುತ್ತದೆ. ಒಂದೇ ಹೆಸರಿನ, ಒಂದೇ ಎಂಜಿನ್ನಿನ ಎರಡು ಟ್ರಕ್ಕುಗಳ ಚೀಟಿಯಲ್ಲಿ ನೂರಾರು ಪೌಂಡ್ ವ್ಯತ್ಯಾಸ ಇರುವುದನ್ನು ಅಕ್ಕಪಕ್ಕ ನಿಂತೇ ಓದಬಹುದು. ಸಾಮಾನ್ಯ ದರ್ಜೆಯ, ಬಟ್ಟೆ ಸೀಟಿನ ಟ್ರಕ್ಕೇ ಸಂಸಾರ ಹೊರಲು ಹೆಚ್ಚು ಯೋಗ್ಯವಾಗಿರುತ್ತದೆ.

ಇಷ್ಟೆಲ್ಲ ಯಾಕೆ, ಸ್ವಲ್ಪ ಮೀರಿದರೆ ಏನಾಗುತ್ತದೆ ಎಂದು ಕೇಳುವವರು ಡೆನ್ವರಿನಿಂದ ಇಂಟರ್‌ಸ್ಟೇಟ್ 70 ಹಿಡಿದು ಪಶ್ಚಿಮಕ್ಕೆ ಹೋಗಲಿ. ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಮೇಲಿದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್, ಮೇಲೇರಿದಂತೆ ಗಾಳಿ ತೆಳುವಾಗುವುದರಿಂದ, ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆ ಎತ್ತರಕ್ಕೆ ಬರುವಷ್ಟರಲ್ಲಿ ಮೂರನೇ ಒಂದು ಪಾಲು ಹೋಗಿರುತ್ತದೆ. ಆದ್ದರಿಂದ ಈ ಸೀಮೆಯವರು ಟರ್ಬೊ ಎಂಜಿನ್ ಕಡೆ ನೋಡುವುದು ಸರಿಯೇ. ಆದರೂ ಏರು ನನಗೆ ಚಿಂತೆಯಲ್ಲ. ಲಾರಿಗಳ ಸಾಲಿನಲ್ಲಿ ನಿಧಾನವಾಗಿ ಹತ್ತಿದರೆ ಯಾರಿಗೂ ಏನೂ ಆಗುವುದಿಲ್ಲ. ಚಿಂತೆ ಸುರಂಗ ದಾಟಿದ ಮೇಲಿನ ಸಿಲ್ವರ್‌ಥಾರ್ನ್ ಕಡೆಯ ಇಳಿಜಾರಿನದು. ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ರಸ್ತೆಯ ಬದಿಗೆ ಜಲ್ಲಿ ತುಂಬಿದ ಏರುದಾರಿಯನ್ನೇ ಅಲ್ಲಿ ಮಾಡಿಟ್ಟಿದ್ದಾರೆ. ಕೆಳಗಿನ ಗೇರಿಗೆ ಹಾಕಿ, ಎಂಜಿನ್ನಿನಿಂದಲೇ ವೇಗ ಹಿಡಿದು, ಟ್ರೈಲರಿನ ಬ್ರೇಕ್ ಸರಿಯಾಗಿ ಹೊಂದಿಸಿಕೊಂಡು ಇಳಿಯಬೇಕು. ಹಿಂದಿನ ಭಾರ ಹೆಚ್ಚಾದಷ್ಟೂ ಅದು ಟ್ರಕ್ಕನ್ನು ತಳ್ಳುತ್ತದೆ.

ಗಾಳಿ ಅದಕ್ಕಿಂತ ಕೆಟ್ಟದ್ದು. ಇಲ್ಲಿಂದ ಯೆಲ್ಲೊಸ್ಟೋನಿಗೆ ಹೋಗುವ ಬಹಳ ಮಂದಿ ವಯೋಮಿಂಗಿನ ಲ್ಯಾರಮಿಯಿಂದ ರಾಲಿನ್ಸ್‌ವರೆಗೆ ಇಂಟರ್‌ಸ್ಟೇಟ್ 80ರಲ್ಲಿ ಹೋಗುತ್ತಾರೆ. ಎಲ್ಕ್ ಮೌಂಟನ್ ಸುತ್ತಮುತ್ತ ಗಾಳಿ ಎದ್ದರೆ ಹಗುರವಾದ ಎತ್ತರದ ಗಾಡಿಗಳಿಗೆ ರಸ್ತೆಯನ್ನೇ ಮುಚ್ಚುತ್ತಾರೆ. 28 ಅಡಿ ಉದ್ದದ, ಹತ್ತಡಿಗೂ ಮೀರಿದ ಎತ್ತರದ ಟ್ರೈಲರ್ ಎಂದರೆ ಗಾಳಿಗೆ ಅಡ್ಡ ಹಿಡಿದ ಗೋಡೆ. ತೂಗಾಟ ಶುರುವಾದರೆ ಟ್ರಕ್ಕಿನ ಬ್ರೇಕ್ ಜೋರಾಗಿ ಒತ್ತಬಾರದು, ಸ್ಟಿಯರಿಂಗನ್ನು ಎಡಬಲ ತಿರುಗಿಸಿ ಸರಿಪಡಿಸಲೂ ಹೋಗಬಾರದು. ಆಕ್ಸಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಚಾಲಕನ ಬಳಿ ಇರುವ ಟ್ರೈಲರ್ ಬ್ರೇಕ್ ಕಂಟ್ರೋಲರಿನ ಹಿಡಿಕೆಯನ್ನು ಕೈಯಿಂದ ಒತ್ತಿ ಟ್ರೈಲರಿನ ಬ್ರೇಕನ್ನು ಮಾತ್ರ ಹಾಕಬೇಕು. ನಿಮ್ಮ ಮನೆಯಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ಆ ಹಿಡಿಕೆ ಎಲ್ಲಿದೆ ಎಂದು ಕತ್ತಲಲ್ಲೂ ಗೊತ್ತಿರಬೇಕು.

ಭಾರ ಹಂಚುವ ಹಿಚ್ ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವ ನಂಬಿಕೆಯೂ ಇದೆ. ಅದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಹಿಂದೆ ಬಿದ್ದ ಭಾರದ ಒಂದು ಭಾಗವನ್ನು ಮುಂದಿನ ಆಕ್ಸಲಿಗೂ ಟ್ರೈಲರಿನ ಆಕ್ಸಲುಗಳಿಗೂ ಅದು ದಾಟಿಸುತ್ತದೆ. ಆದರೆ ಚೀಟಿಯ ಮೇಲಿನ ಅಂಕಿಯನ್ನು ಅದು ಹೆಚ್ಚಿಸುವುದಿಲ್ಲ. ಹಿಂದಿನ ಸ್ಪ್ರಿಂಗಿಗೆ ಆಸರೆಯಾಗಿ ಗಾಳಿಚೀಲ ಹಾಕಿಸಿ ಟ್ರಕ್ಕನ್ನು ಸಮ ಮಾಡಿದರೂ ಅಷ್ಟೇ, ಕಣ್ಣಿಗೆ ಸಮ ಕಾಣುತ್ತದೆ, ಆಕ್ಸಲ್ ಮೇಲಿನ ತೂಕ ಹಾಗೆಯೇ ಇರುತ್ತದೆ.

ಇದನ್ನು ವಾದ ಮಾಡಿ ಬಗೆಹರಿಸಬೇಕಾಗಿಲ್ಲ, ತೂಗಿ ನೋಡಬಹುದು. ದೊಡ್ಡ ಲಾರಿ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆ ಇರುತ್ತದೆ. ಮುಂದಿನ ಚಕ್ರ ಒಂದು ಹಾಸಿನ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ, ಟ್ರೈಲರಿನ ಚಕ್ರಗಳು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಬೇಕು. ಕಿಟಕಿಯ ಪಕ್ಕದ ಕಂಬದಲ್ಲಿ ಗುಂಡಿ ಒತ್ತಿದರೆ ಒಳಗಿನವರು ಮಾತನಾಡುತ್ತಾರೆ. ಆ ಗುಂಡಿ ಲಾರಿಯವರ ಎತ್ತರಕ್ಕೆ ಇರುವುದರಿಂದ ಪಿಕಪ್ಪಿನಿಂದ ಕೈ ಚಾಚಬೇಕಾಗುತ್ತದೆ. ಕೊನೆಗೆ ಕೈಗೆ ಬರುವ ಕಾಗದದಲ್ಲಿ ಮೂರು ಆಕ್ಸಲುಗಳ ತೂಕ, ಕೆಳಗೆ ಒಟ್ಟು. ಬಾಗಿಲ ಕಂಬದ ಮೇಲೆಯೇ ಟ್ರಕ್ಕಿನ ಪ್ರತಿ ಆಕ್ಸಲಿನ ಮಿತಿಯೂ ಬರೆದಿರುತ್ತದೆ. ಎರಡನ್ನೂ ಅಕ್ಕಪಕ್ಕ ಹಿಡಿದರೆ ಸಂಶಯಕ್ಕೆ ಜಾಗವಿಲ್ಲ. ಎಲ್ಲರನ್ನೂ ಕೂರಿಸಿಕೊಂಡು, ಎಲ್ಲ ಸಾಮಾನು ತುಂಬಿಕೊಂಡೇ ತೂಗಿಸಿ. ಖಾಲಿ ಗಾಡಿ ತೂಗಿಸಿ ನೆಮ್ಮದಿ ಪಡುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಯಾವುದು ಕೊಳ್ಳಬೇಕು? ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಮೊದಲು ಟ್ರೈಲರ್ ನಿರ್ಧರಿಸಿ, ಆಮೇಲೆ ಟ್ರಕ್. ನಾಲ್ಕು ಜನರ ಸಂಸಾರವಾಗಿದ್ದು, ತುಂಬಿದ ಟ್ರೈಲರ್ 5,000 ಪೌಂಡಿನ ಆಸುಪಾಸಿನಲ್ಲಿದ್ದರೆ ಒಳ್ಳೆಯ ಪೇಲೋಡಿರುವ ಹಾಫ್ ಟನ್ ಟ್ರಕ್ ಧಾರಾಳವಾಗಿ ಸಾಕು. ಟ್ರೈಲರ್ 7,000 ಮುಟ್ಟುತ್ತದೆ, ಜನ ಆರು ಎಂದಾದರೆ ಹಾಫ್ ಟನ್ನಿಗಿಂತ ಒಂದು ಮೆಟ್ಟಿಲು ದೊಡ್ಡದಾದ ಎಫ್-250 ಅಥವಾ 2500 ವರ್ಗದ, ಪೆಟ್ರೋಲ್ ಎಂಜಿನ್ನಿನ ಟ್ರಕ್ಕಿಗೆ ಹೋಗಿ. ಡೀಸೆಲ್ ಎಂದರೆ ನಮ್ಮವರಿಗೆ ಮೋಹ ಜಾಸ್ತಿ. ಎಳೆತದಲ್ಲಿ, ಇಳಿಜಾರಿನಲ್ಲಿ ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಗ್ಸಾಸ್ಟ್ ಬ್ರೇಕಿನಲ್ಲಿ ಅದಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಆ ಎಂಜಿನ್ನಿನ ತೂಕವೇ ಪೇಲೋಡಿನ ದೊಡ್ಡ ಭಾಗ ತಿಂದುಹಾಕುವುದರಿಂದ ಈ ವರ್ಗದ ಎಷ್ಟೋ ಡೀಸೆಲ್ ಟ್ರಕ್ಕುಗಳ ಚೀಟಿಯಲ್ಲಿ ಪೆಟ್ರೋಲಿನದಕ್ಕಿಂತ ಬಹಳ ಕಡಿಮೆ ಅಂಕಿ ಇರುತ್ತದೆ. ವಿದ್ಯುತ್ ಪಿಕಪ್ ಬಗ್ಗೆ ಕೇಳುವವರಿಗೆ ಒಂದೇ ಮಾತು: ದೊಡ್ಡ ಟ್ರೈಲರ್ ಕಟ್ಟಿದರೆ ಓಡುವ ದೂರ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ವಯೋಮಿಂಗಿನಂಥ ಕಡೆ ಅದು ಸಣ್ಣ ವಿಷಯವಲ್ಲ.

ದೊಡ್ಡ ಟ್ರಕ್ ವಾರದ ಐದು ದಿನ ಕಚೇರಿಗೆ ಓಡಿಸಲು ಭಾರವಾದದ್ದು, ಎಷ್ಟೋ ಮನೆಗಳ ಗ್ಯಾರೇಜಿನಲ್ಲಿ ಹಿಡಿಯುವುದಿಲ್ಲ, ಖಾಲಿ ಇದ್ದಾಗ ಕುಲುಕುತ್ತದೆ. ಅದು ಬೇಡವೆಂದಾದರೆ ಇನ್ನೂ ಒಂದು ದಾರಿಯಿದೆ. ಅಪ್ಪ ಅಮ್ಮನನ್ನು ಎರಡನೇ ಕಾರಿನಲ್ಲಿ, ನಿಮ್ಮ ಪತ್ನಿಯೋ ಪತಿಯೋ ಓಡಿಸಿಕೊಂಡು ಹಿಂದೆ ಬರಲಿ. ವಯಸ್ಸಾದವರಿಗೆ ಕಾರಿನ ಆಸನವೇ ಹಿತ, ನಡುವೆ ನಿಲ್ಲಿಸಿಕೊಳ್ಳಲೂ ಸುಲಭ. ಯೆಲ್ಲೊಸ್ಟೋನ್ ಒಳಗೆ ಸುತ್ತಾಡಲು ಆ ಕಾರು ಹೇಗೂ ಬೇಕಾಗುತ್ತದೆ.

ಮಳಿಗೆಗೆ ಹೋಗುವ ಮೊದಲೇ ಫೋನ್ ಮಾಡಿ, ಆ ಟ್ರಕ್ಕಿನ ಬಾಗಿಲ ಚೀಟಿಯ ಚಿತ್ರ ಕಳಿಸಿ ಎಂದು ಕೇಳಿ. ಕೊಡದಿದ್ದರೆ ಬೇರೆ ಮಳಿಗೆ ನೋಡಿ. ಎಳೆಯುವ ಸಾಮರ್ಥ್ಯವನ್ನು ಜಾಹೀರಾತಿನಲ್ಲಿ ಆಳೆತ್ತರದ ಅಕ್ಷರದಲ್ಲಿ ಬರೆಯುವ ಕಂಪನಿಗಳು, ಮಾರುವ ಪ್ರತಿ ಟ್ರಕ್ಕಿನ ಪೇಲೋಡನ್ನೂ ಬೆಲೆಯ ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿ ಬರೆಯುವಂತೆ ಕಾನೂನು ಬರಬೇಕೆಂದು ನಾನು ಬಲವಾಗಿ ನಂಬಿದ್ದೇನೆ. ಅಲ್ಲಿಯವರೆಗೆ ಕೇಳಿ ಪಡೆಯಬೇಕಾದವರು ನಾವೇ. ಚಿತ್ರ ಸಿಕ್ಕ ಮೇಲೆ ಮನೆಮಂದಿಯ ತೂಕ, ಟ್ರೈಲರಿನ ಗರಿಷ್ಠ ತೂಕ ಎರಡನ್ನೂ ಸೇರಿಸಿ ನನಗೆ ಕಳಿಸಿದರೆ ಲೆಕ್ಕ ಹಾಕಿ ಹೇಳುತ್ತೇನೆ. ಮುಂಗಡ ಕೊಡುವ ಮೊದಲು ಕಳಿಸಿ.